ಹಳೆ ಹೆಂಚಿನ ಮನೆಗೆ ಎತ್ತರ ತರುವುದು: ಅಳತೆಯಿಂದ ಮೊದಲ ಮಳೆಯವರೆಗೆ

ನಮ್ಮ ಮನೆಯ ನಡುಮನೆಯಲ್ಲಿ ನೆಲದಿಂದ ತೊಲೆಯ ಅಡಿಯವರೆಗೆ ಇದ್ದದ್ದು 6 ಅಡಿ 10 ಇಂಚು. ತೀರ್ಥಹಳ್ಳಿ ಕಡೆಯ ಹಳೆ ಮನೆ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಮೇಲೆ ಮರದ ಮುಚ್ಚಿಗೆ, ಮುಚ್ಚಿಗೆ ಮೇಲೆ ಅಟ್ಟ, ಅದಕ್ಕೂ ಮೇಲೆ ಮಂಗಳೂರು ಹೆಂಚು. ಉದ್ದ ಇರುವ ನೆಂಟರು ಬಂದರೆ ತಲೆ ತಗ್ಗಿಸಿಕೊಂಡೇ ಓಡಾಡಬೇಕು, ಫ್ಯಾನ್ ಹಾಕುವಂತಿಲ್ಲ, ಮಧ್ಯಾಹ್ನ ಹನ್ನೆರಡಕ್ಕೂ ದೀಪ ಬೇಕು. ಹಿಂದಿನವರು ಸುಮ್ನೆ ತಗ್ಗು ಕಟ್ಟಿದ್ದಲ್ಲ. ಮಲೆನಾಡಿನ ಗಾಳಿ ಮಳೆಗೆ ಗೋಡೆ ಗಿಡ್ಡ ಇದ್ದಷ್ಟೂ ಒಳ್ಳೆಯದು, ಅಟ್ಟದಲ್ಲಿ ಅಡಿಕೆ, ಭತ್ತ, ಹಪ್ಪಳದ ಡಬ್ಬಿ ಎಲ್ಲ ಬೆಚ್ಚಗೆ ಇರಬೇಕಿತ್ತು, ಒಲೆಯ ಹೊಗೆ ಮೇಲೇರಿ ಮರಕ್ಕೆ ಹುಳ ಹತ್ತದಂತೆ ಕಾಯುತ್ತಿತ್ತು. ಈಗ ಒಲೆಯೂ ಇಲ್ಲ, ಅಟ್ಟದಲ್ಲಿ ಭತ್ತವೂ ಇಲ್ಲ. ಆದರೆ ಮನೆ ಗಟ್ಟಿ ಇದೆ, ಕೆಡವಲು ಮನಸ್ಸಿಲ್ಲ.

ಇಂಥದ್ದೇ ಮನೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎತ್ತರ ಪಡೆಯಲು ಇರುವುದು ಮೂರು ದಾರಿ. ನೆಲ ಇಳಿಸಬಹುದು, ಮುಚ್ಚಿಗೆ ತೆಗೆದು ಅಟ್ಟವನ್ನು ಕೋಣೆಗೆ ಸೇರಿಸಿಕೊಳ್ಳಬಹುದು, ಇಲ್ಲವೇ ಗೋಡೆ ಏರಿಸಿ ಚಾವಣಿಯನ್ನೇ ಮೇಲೆ ಕೂರಿಸಬಹುದು. ನಮ್ಮ ಮನೆಯಲ್ಲಿ ಮೂರನ್ನೂ ಸ್ವಲ್ಪ ಸ್ವಲ್ಪ ಮಾಡಿದೆವು. ಮಾಡುವಾಗ ಚೆನ್ನಾಗಿ ಅರ್ಥವಾದದ್ದು ಒಂದು ವಿಷಯ: ಹಳೆ ಮನೆಯಲ್ಲಿ ತೊಲೆ, ಅದರ ಮೇಲಿನ ಸಣ್ಣ ಮರಗಳಾದ ಜಂತೆ, ಹಲಗೆ ಬರೀ ಭಾರ ಹೊರುವುದಿಲ್ಲ, ಎದುರು ಬದುರು ಗೋಡೆಗಳನ್ನು ಹಿಡಿದುಕೊಂಡೂ ಇರುತ್ತವೆ. ಹಿಡಿತಕ್ಕೆ ಬದಲಿ ಕೊಡದೆ ಒಂದು ಮರವನ್ನೂ ತೆಗೆಯಬಾರದು. ಮುಂದೆ ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಮೊದಲು ಅಳತೆ, ಅದೂ ಒಂದು ಇಡೀ ದಿನ

ಟೇಪ್ ಹಿಡಿದು ನಡುಮನೆಯ ಮಧ್ಯೆ ಒಂದು ಸಲ ಅಳೆದರೆ ಸಾಲದು. ಹಳೆ ನೆಲ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎರಡು ಮೂರು ಇಂಚು ಇಳಿದಿರುತ್ತದೆ, ತೊಲೆಯೂ ನಡುವೆ ಬಾಗಿರುತ್ತದೆ. ಮೇಸ್ತ್ರಿಗಳು ಮಟ್ಟ ನೋಡಲು ಇಟ್ಟುಕೊಳ್ಳುವ ನೀರಿನ ಪೈಪು ತಗೊಳ್ಳಿ, ಎಲ್ಲ ಗೋಡೆಗಳ ಮೇಲೂ ಒಂದೇ ಮಟ್ಟದಲ್ಲಿ, ಸುಮಾರು ಮೂರಡಿ ಎತ್ತರಕ್ಕೆ, ಪೆನ್ಸಿಲ್ ಗೆರೆ ಎಳೆಯಿರಿ. ಇನ್ನು ಮುಂದೆ ಎಲ್ಲವನ್ನೂ ಆ ಗೆರೆಯಿಂದಲೇ ಅಳೆಯಿರಿ. ಕೆಳಗೆ ನೆಲಕ್ಕೆ ಎಷ್ಟು, ಮೇಲೆ ತೊಲೆಯ ಅಡಿಗೆ ಎಷ್ಟು, ಮುಚ್ಚಿಗೆ ಹಲಗೆಗೆ ಎಷ್ಟು. ಆಮೇಲೆ ಅಟ್ಟ ಹತ್ತಿ, ಹಲಗೆಯಿಂದ ಗೋಡೆ ತಲೆಗೆ ಎಷ್ಟು, ಗೋಡೆ ತಲೆಯಿಂದ ಚಾವಣಿಯ ನೆತ್ತಿಯಲ್ಲಿರುವ ತುದಿ ಮರಕ್ಕೆ ಎಷ್ಟು ಅಂತ ನೋಡಿ. ಹೊರಗೆ ಬಂದು ಅಂಗಳದಿಂದ ಒಳನೆಲ ಎಷ್ಟು ಎತ್ತರ ಇದೆ ಅಂತಲೂ ಅಳೆಯಿರಿ. ಈ ಕೊನೆಯದನ್ನು ಬಹಳ ಜನ ಬಿಡುತ್ತಾರೆ, ನೆಲ ಇಳಿಸಬಹುದೋ ಇಲ್ಲವೋ ಎಂದು ಹೇಳುವುದೇ ಅದು.

ಎಲ್ಲವನ್ನೂ ಒಂದು ಹಾಳೆಯ ಮೇಲೆ, ಮನೆಯನ್ನು ನಡುವೆ ಕೊಯ್ದು ನೋಡಿದ ಹಾಗೆ ಬರೆದುಕೊಳ್ಳಿ. ಚಿತ್ರ ಚೆನ್ನಾಗಿರಬೇಕು ಅಂತಿಲ್ಲ, ಅಂಕಿ ಸರಿ ಇದ್ದರೆ ಸಾಕು.

ಎಷ್ಟು ಎತ್ತರ ಬೇಕು? ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್, ಅಂದರೆ ಸುಮಾರು 9 ಅಡಿ ಹೇಳುತ್ತದೆ. ತೊಲೆಯ ಕೆಳಗೆ 2.4 ಮೀಟರ್, ಹೆಚ್ಚು ಕಡಿಮೆ 8 ಅಡಿ ಇರಬೇಕು. ಇಳಿಜಾರು ಚಾವಣಿ ಇದ್ದರೆ 2.75 ಮೀಟರ್ ಎನ್ನುವುದನ್ನು ಸರಾಸರಿಯಾಗಿ ನೋಡಬೇಕು. ಈ ಸರಾಸರಿ ಎನ್ನುವ ಮಾತು ಹೆಂಚಿನ ಮನೆಯವರಿಗೆ ತುಂಬಾ ಅನುಕೂಲ. 20 ಅಡಿ ಅಗಲದ ಮನೆ, ಗೋಡೆ ಬರೀ 7 ಅಡಿ, ಚಾವಣಿ 30 ಡಿಗ್ರಿ ಇಳಿಜಾರು ಅಂತ ಇಟ್ಟುಕೊಳ್ಳಿ. ಗೋಡೆ ತಲೆಯಿಂದ ತುದಿ ಮರಕ್ಕೆ ಸುಮಾರು 5 ಅಡಿ 9 ಇಂಚು ಆಗುತ್ತದೆ. ಅಂದರೆ ನಡುವೆ 12 ಅಡಿ 9 ಇಂಚು, ಸರಾಸರಿ ಹತ್ತಿರ ಹತ್ತಿರ 10 ಅಡಿ. ಮುಚ್ಚಿಗೆ ಇಲ್ಲದಿದ್ದರೆ ಆ ಮನೆಗೆ ಎತ್ತರದ ಕೊರತೆಯೇ ಇಲ್ಲ! ಇಷ್ಟು ಲೆಕ್ಕ ಮಾಡದೆ ಚಾವಣಿ ಬಿಚ್ಚಿಸಿದವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಇನ್ನೊಂದು, ಮನೆ ಈಗಾಗಲೇ ಕಳೆದುಕೊಂಡ ಎತ್ತರವನ್ನು ಹುಡುಕಿ. ಹಳೆ ಮನೆಗಳಲ್ಲಿ ನೆಲದ ಮೇಲೆ ನೆಲ ಹಾಕಿರುತ್ತಾರೆ. ನಮ್ಮಲ್ಲಿ ಬಾಗಿಲ ಮೂಲೆಯಲ್ಲಿ ಅಂಗೈ ಅಗಲ ಒಡೆದು ನೋಡಿದರೆ ಮೇಲೆ ಟೈಲ್ಸ್, ಅದರಡಿ ಗಾರೆ, ಅದರಡಿ ಮೊಸಾಯಿಕ್, ಎಲ್ಲಕ್ಕಿಂತ ಕೆಳಗೆ ಅಜ್ಜನ ಕಾಲದ ಕೆಂಪು ರೆಡ್ ಆಕ್ಸೈಡ್ ನೆಲ. ಎಲ್ಲ ಸೇರಿ ಮೂರೂವರೆ ಇಂಚು. ಕೆಲವು ಮನೆಗಳಲ್ಲಿ ಮುಚ್ಚಿಗೆಯ ಕೆಳಗೆ ಆಮೇಲೆ ಪ್ಲೈವುಡ್ಡೋ ಪಿಒಪಿಯೋ ಬಡಿದಿರುತ್ತಾರೆ, ಅಲ್ಲೊಂದು ಅರ್ಧ ಅಡಿ ಹೋಗಿರುತ್ತದೆ. ಇವೆರಡನ್ನೂ ತೆಗೆಯಲು ಗೋಡೆ ಮುಟ್ಟಬೇಕಾಗಿಲ್ಲ.

ಗೋಡೆ, ಪಾಯ, ಮರ: ಮೂರನ್ನೂ ಕೇಳಿಕೊಳ್ಳಿ

ಗೋಡೆ ನೆಟ್ಟಗಿದೆಯಾ ನೋಡಲು ತೂಗುಗುಂಡು, ಅಂದರೆ ದಾರಕ್ಕೆ ಕಟ್ಟಿದ ಗುಂಡು, ಬಿಡಿ. 8 ಅಡಿ ಎತ್ತರಕ್ಕೆ ಒಂದು ಇಂಚಿಗಿಂತ ಜಾಸ್ತಿ ಹೊರಕ್ಕೆ ವಾಲಿದ್ದರೆ ಮುಂದೆ ಹೋಗಬೇಡಿ, ಹಳೆ ಕಟ್ಟಡ ನೋಡಿ ಅಭ್ಯಾಸ ಇರುವ ಎಂಜಿನಿಯರ್ ಒಬ್ಬರನ್ನು ಕರೆಸಿ. ಹೊರಕ್ಕೆ ವಾಲಿದೆ ಎಂದರೆ ಚಾವಣಿ ಗೋಡೆಯನ್ನು ತಳ್ಳುತ್ತಿರಬಹುದು. ಬಿರುಕು ಇದ್ದರೆ ಅದರ ಮೇಲೆ ಅಡ್ಡಡ್ಡ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ತಾರೀಖು ಬರೆದು ಬಿಡಿ. ಎರಡು ತಿಂಗಳಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ. ಒಡೆಯದಿದ್ದರೆ ಅದು ಹಳೇ ಬಿರುಕು, ತುಂಬಿಸಿದರೆ ಆಯಿತು.

ಗಿಲಾವನ್ನು ಒಂದು ಕಡೆ ಕೆರೆದು ಒಳಗೇನಿದೆ ನೋಡಿ. ಕಲ್ಲೋ ಇಟ್ಟಿಗೆಯೋ ಮಣ್ಣೋ? ಕಲ್ಲಾದರೆ ನಡುವೆ ಕೂಡಿಸಿರುವುದು ಸುಣ್ಣವೋ ಬರೀ ಕೆಸರೋ? ಸ್ಕ್ರೂಡ್ರೈವರ್ ಕೈಯಲ್ಲಿ ಒತ್ತಿದರೆ ಸಲೀಸಾಗಿ ಒಳಗೆ ಹೋದರೆ ಕೆಸರು. ಕೆಸರಿನ ಗೋಡೆ ಕೆಟ್ಟದ್ದು ಅಂತಲ್ಲ, ನೂರು ವರ್ಷ ನಿಂತಿರುತ್ತದೆ, ಆದರೆ ಅದು ಹೊತ್ತಿರುವುದು ಹೆಂಚಿನ ಭಾರವನ್ನು, ಕಾಂಕ್ರೀಟಿನ ಭಾರವನ್ನಲ್ಲ.

ಈ ಭಾರದ ಲೆಕ್ಕ ಸ್ವಲ್ಪ ನಿಧಾನವಾಗಿ ಓದಿ. 100 ಚದರಡಿ ಚಾವಣಿಗೆ 130ರಿಂದ 150 ಮಂಗಳೂರು ಹೆಂಚು ಬೇಕು, ಒಂದೊಂದು 2ರಿಂದ 3 ಕೆಜಿ. ಒಟ್ಟು ಮೂರು ನಾಲ್ಕು ಕ್ವಿಂಟಾಲ್. ಅದೇ 100 ಚದರಡಿಗೆ 5 ಇಂಚಿನ ಆರ್‌ಸಿಸಿ (ಕಂಬಿ ಕಟ್ಟಿದ ಕಾಂಕ್ರೀಟ್) ಹಾಕಿದರೆ ಸುಮಾರು 3 ಟನ್. ಎಂಟು ಹತ್ತು ಪಟ್ಟು! ‘ಹೇಗೂ ಚಾವಣಿ ಬಿಚ್ಚುತ್ತೀರಿ, ಎರಡಡಿ ಗೋಡೆ ಕಟ್ಟಿ ಮೋಲ್ಡ್ ಹಾಕಿಸಿಬಿಡಿ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಳೆ ಗೋಡೆ, ಹಳೆ ಪಾಯದ ಮೇಲೆ ಅದನ್ನು ಮಾಡಬೇಡಿ. ಆರ್‌ಸಿಸಿಯೇ ಬೇಕು ಎಂದಾದರೆ ಹೊಸ ಪಾಯದಿಂದ ಕಂಬ ಎಬ್ಬಿಸಬೇಕು, ಅದು ಬೇರೆ ಮನೆಯೇ ಆಗುತ್ತದೆ.

ಪಾಯ ನೋಡಲು ಗೋಡೆಯ ಹೊರಬದಿಗೆ ಎರಡು ಕಡೆ ಎರಡಡಿ ಅಗಲದ ಗುಂಡಿ ತೆಗೆಸಿ, ಕಲ್ಲು ಎಲ್ಲಿ ಮುಗಿಯುತ್ತದೆ ಅಂತ ಕಾಣುವವರೆಗೆ. ನೋಡಿ, ಅಳೆದು, ಅವತ್ತೇ ಮುಚ್ಚಿಸಿ. ಹಳೆ ಮನೆಗಳ ಪಾಯ ಎಷ್ಟೋ ಕಡೆ ಎರಡು ಮೂರು ಅಡಿಗೇ ಮುಗಿದಿರುತ್ತದೆ.

ಮರಕ್ಕೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿ. ಟೊಳ್ಳು ಶಬ್ದ ಬಂದ ಕಡೆ ಉಳಿಯಿಂದ ಚುಚ್ಚಿ. ತೊಲೆ ಕೊಳೆಯುವುದು ಯಾವಾಗಲೂ ಗೋಡೆಯೊಳಗೆ ಹೂತಿರುವ ತುದಿಯಲ್ಲಿ, ನಡುವೆ ಚೆನ್ನಾಗಿ ಕಾಣುತ್ತದೆ ಅಂತ ನಂಬಬಾರದು. ವರಲೆಯ ಮಣ್ಣಿನ ದಾರಿ ಗೋಡೆ ಮೇಲೆ ಕಂಡರೆ ಅದು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಕೊನೆವರೆಗೂ ಹಿಂಬಾಲಿಸಿ.

ನೆಲ ಇಳಿಸುವುದು

ಮೇಲುಮೇಲಿನ ಪದರ ತೆಗೆಯುವುದು ಸುಲಭ, ಅದನ್ನು ಮಾಡಿ. ಅದಕ್ಕಿಂತ ಕೆಳಗೆ ಹೋಗುವ ಮುಂಚೆ ಎರಡು ಅಂಕಿ ನೋಡಬೇಕು. ಕಟ್ಟಡ ಸಂಹಿತೆ ಹೇಳುವ ಪ್ರಕಾರ ಒಳನೆಲ ಹೊರಗಿನ ನೆಲಕ್ಕಿಂತ ಕನಿಷ್ಠ 45 ಸೆಂಟಿಮೀಟರ್, ಅಂದರೆ ಒಂದೂವರೆ ಅಡಿ ಮೇಲಿರಬೇಕು. ನಿಮ್ಮ ಮನೆ ಅಂಗಳಕ್ಕಿಂತ ಎರಡೂವರೆ ಅಡಿ ಎತ್ತರದಲ್ಲಿದ್ದರೆ ಒಂದಡಿ ಇಳಿಸಲು ಜಾಗ ಇದೆ. ಒಂದೂವರೆ ಅಡಿಯೇ ಇದ್ದರೆ ಇಳಿಸಬೇಡಿ, ಮುಂಗಾರಿನಲ್ಲಿ ನೀರು ಒಳಗೆ ಬಾರದಿದ್ದರೂ ಗೋಡೆಯ ಬುಡದಿಂದ ತೇವ ಏರುತ್ತದೆ. ಎರಡನೆಯದು ಪಾಯದ ಆಳ. ಅಗೆತ ಪಾಯದ ಅಡಿಮಟ್ಟದ ಹತ್ತಿರ ಎಲ್ಲೂ ಹೋಗಬಾರದು. ಪಾಯದ ಕಲ್ಲು ಒಳಬದಿಗೆ ಕಾಣಿಸಿಕೊಂಡರೆ ಅಲ್ಲಿಗೆ ನಿಲ್ಲಿಸಿ.

ಹೊಸ ನೆಲದ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕು. 4 ಇಂಚು ಕಾಂಕ್ರೀಟ್, ಒಂದೂವರೆ ಇಂಚು ಗಾರೆ, ಅರ್ಧ ಇಂಚು ಟೈಲ್ಸ್ ಸೇರಿದರೆ 6 ಇಂಚು. ಒಂದಡಿ ಅಗೆದರೆ ಕೈಗೆ ಸಿಗುವುದು ಅರ್ಧ ಅಡಿ ಅಷ್ಟೇ. ಜೊತೆಗೆ ಹೊಸ್ತಿಲು ಗಾಳಿಯಲ್ಲಿ ತೂಗುತ್ತದೆ, ಬಾಗಿಲ ಚೌಕಟ್ಟಿಗೆ ಕೆಳಗಿನಿಂದ ಕಲ್ಲು ಕೊಡಬೇಕು, ಕಿಟಕಿ ಮೇಲಕ್ಕೆ ಹೋದ ಹಾಗೆ ಕಾಣುತ್ತದೆ, ಬಚ್ಚಲಿನ ನೀರು ಹೊರಗೆ ಹೋಗುವ ಮಟ್ಟ ತಪ್ಪುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಪದರ ತೆಗೆದಷ್ಟು ಸಾಕು. ನಮ್ಮಲ್ಲಿ ಅಜ್ಜನ ರೆಡ್ ಆಕ್ಸೈಡ್ ನೆಲ ಕಂಡ ಮೇಲೆ ಅಲ್ಲಿಗೇ ನಿಲ್ಲಿಸಿ ಅದನ್ನೇ ತೊಳೆದು, ಬಿರುಕು ತುಂಬಿ, ಹೊಳಪು ಕೊಡಿಸಿದೆವು.

ಅಟ್ಟ ತೆಗೆದು ಕೋಣೆ ತೆರೆಯುವುದು

ಖರ್ಚಿಗೆ ಹೋಲಿಸಿದರೆ ಜಾಸ್ತಿ ಎತ್ತರ ಸಿಗುವುದು ಇದರಲ್ಲಿ. ತಪ್ಪು ಮಾಡುವುದೂ ಇದರಲ್ಲೇ.

ಹೆಂಚಿನ ಚಾವಣಿಯ ಪಕಾಸಿಗಳು, ಅಂದರೆ ಇಳಿಜಾರಾಗಿ ನಿಂತ ಮರಗಳು, ಎರಡು ಕಡೆಯಿಂದ ಬಂದು ತುದಿ ಮರದಲ್ಲಿ ಒರಗಿರುತ್ತವೆ, ಅಲ್ವಾ? ಎರಡು ಏಣಿಯನ್ನು ತಲೆಗೆ ತಲೆ ತಾಗಿಸಿ ನಿಲ್ಲಿಸಿ ಮೇಲಿನಿಂದ ಒತ್ತಿದರೆ ಬುಡ ಹೊರಕ್ಕೆ ಜಾರುತ್ತದೆ. ಹೆಂಚಿನ ಭಾರಕ್ಕೆ ಪಕಾಸಿಯ ಬುಡವೂ ಹಾಗೇ ಹೊರಕ್ಕೆ ಜಾರಲು ನೋಡುತ್ತದೆ, ಗೋಡೆಯನ್ನು ತಳ್ಳುತ್ತದೆ. ಅಟ್ಟದ ತೊಲೆ, ಜಂತೆಗಳು ಗೋಡೆಯಿಂದ ಗೋಡೆಗೆ ಹಾದು ಆ ತಳ್ಳುವಿಕೆಯನ್ನು ತಡೆದಿರುತ್ತವೆ. ಮುಚ್ಚಿಗೆ ಬೇಡ ಎಂದು ಎಲ್ಲವನ್ನೂ ಒಂದೇ ದಿನ ಕೊಯ್ದರೆ ಅವತ್ತೇ ಏನೂ ಆಗುವುದಿಲ್ಲ. ಒಂದೆರಡು ಮಳೆಗಾಲ ಕಳೆದ ಮೇಲೆ ಗೋಡೆಯ ಮೇಲ್ಭಾಗ ಹೊರಗೆ ಹೋಗಿರುತ್ತದೆ, ತುದಿ ಮರ ಕೆಳಗೆ ಬಂದಿರುತ್ತದೆ, ಹೆಂಚಿನ ಸಾಲು ಅಲೆಯ ಹಾಗೆ ಕಾಣುತ್ತದೆ.

ಅದಕ್ಕೆ ಕೆಲಸವನ್ನು ಈ ಕ್ರಮದಲ್ಲಿ ಮಾಡಿ. ಅಟ್ಟದಲ್ಲಿರುವ ಸಾಮಾನನ್ನೆಲ್ಲ ಇಳಿಸಿ. ಹಲಗೆಯ ಮೇಲೆ ಮಣ್ಣಿನ ಪದರ ಇದ್ದರೆ ಅದನ್ನು ಬುಟ್ಟಿಯಲ್ಲಿ ತುಂಬಿ ಹೊರಗೆ ಹಾಕಿ. ಮಾಸ್ಕ್ ಇಲ್ಲದೆ ಯಾರನ್ನೂ ಮೇಲೆ ಹತ್ತಿಸಬೇಡಿ, ಹಳೆ ಮಸಿ, ಇಲಿ ಹಿಕ್ಕೆ, ಬಾವಲಿ ಹಿಕ್ಕೆ ಎಲ್ಲ ಎದೆಗೆ ಹೋಗುತ್ತವೆ. ಅಟ್ಟದ ವೈರಿಂಗನ್ನು ಮೇನ್‌ನಿಂದಲೇ ಕಟ್ ಮಾಡಿಸಿ. ನಂತರ ಬರೀ ಹಲಗೆ ತೆಗೆಯಿರಿ, ತೊಲೆ ಜಂತೆ ಮುಟ್ಟಬೇಡಿ. ಹಲಗೆ ಹಲಸೋ ಬೀಟೆಯೋ ಸಾಗುವಾನಿಯೋ ಆಗಿದ್ದರೆ ಮೊಳೆ ಕಿತ್ತು, ನಂಬರ್ ಹಾಕಿ, ನೆರಳಲ್ಲಿ ಅಟ್ಟಿ ಕಟ್ಟಿ.

ಈಗ ನಿಂತು ನೋಡಿ. ಹಲಗೆ ಹೋದ ಮೇಲೆ ಬರೀ ತೊಲೆಗಳು ಅಡ್ಡ ಇರುವ ಕೋಣೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂದರೆ, ಎಷ್ಟೋ ಜನ ಅಲ್ಲಿಗೇ ಸಾಕು ಅನ್ನುತ್ತಾರೆ. ಒಂದು ವಾರ ಹಾಗೇ ಬಿಟ್ಟು ಓಡಾಡಿ ನೋಡಿ. ತೊಲೆ ತಲೆಗೆ ತಾಗುವಷ್ಟು ಕೆಳಗಿದ್ದರೆ ಮಾತ್ರ ಮುಂದಿನ ಹೆಜ್ಜೆ.

ತೊಲೆ ತೆಗೆಯಲೇಬೇಕೆಂದರೆ ಮೊದಲು ಗೋಡೆ ತಲೆಯ ಮಟ್ಟದಲ್ಲಿ, ಪಕಾಸಿಯ ಬುಡಕ್ಕೆ ಆದಷ್ಟು ಹತ್ತಿರ, ಎದುರು ಬದುರು ಗೋಡೆ ಸೇರಿಸುವ ಉಕ್ಕಿನ ಸರಳು ಹಾಕಬೇಕು. ಸಣ್ಣ ಕೋಣೆಗಳಿಗೆ 16 ಮಿಲಿಮೀಟರಿನ ಸರಳು ಹಾಕುವುದುಂಟು, ನಡುವೆ ತಿರುಗಿಸಿ ಬಿಗಿ ಮಾಡುವ ಟರ್ನ್‌ಬಕಲ್, ಎರಡೂ ತುದಿಗೆ ಗೋಡೆಯ ಹೊರಗೆ ಅಂಗೈಗಿಂತ ದೊಡ್ಡ ಉಕ್ಕಿನ ಪ್ಲೇಟು, ಅದಕ್ಕೆ ನಟ್ಟು. ದಪ್ಪ ಎಷ್ಟು, ಎಷ್ಟು ಅಡಿಗೊಂದು ಅನ್ನುವುದನ್ನು ನಿಮ್ಮ ಚಾವಣಿಯ ಅಗಲ ನೋಡಿ ಎಂಜಿನಿಯರ್ ಹೇಳಲಿ. ಅದಕ್ಕೆ ಕೊಡುವ ಫೀಸು ಉಳಿಸಬೇಡಿ. ಕೈಯಲ್ಲಿ ಬಿಗಿಯಾದ ಮೇಲೆ ಪಾನಾದಲ್ಲಿ ಸ್ವಲ್ಪ ತಿರುಗಿಸಿದರೆ ಸಾಕು. ವಾಲಿದ ಗೋಡೆಯನ್ನು ಇದರಲ್ಲೇ ಎಳೆದು ನೆಟ್ಟಗೆ ಮಾಡಲು ಹೋಗಬೇಡಿ, ಕಲ್ಲು ಬಾಯಿಬಿಡುತ್ತದೆ.

ಸರಳು ಹಾಕಿ ಬಿಗಿ ಮಾಡಿದ ಮೇಲೆ ಒಂದೊಂದೇ ತೊಲೆ ತೆಗೆಯಿರಿ. ತೆಗೆಯುವ ತೊಲೆಯ ಎರಡೂ ಪಕ್ಕ ಸೆಂಟ್ರಿಂಗ್ ಜಾಕ್ (ಎತ್ತರ ಹೊಂದಿಸಬಹುದಾದ ಕಬ್ಬಿಣದ ಊರೆಗಂಬ) ಕೊಟ್ಟು, ಜಾಕ್‌ನ ಅಡಿಗೆ ದಪ್ಪ ಹಲಗೆ ಇಡಿ. ಚಾವಣಿಯ ತುದಿ ಮರಕ್ಕೆ ಕಂಬ ಕೊಟ್ಟಿದ್ದು ಆ ಕಂಬ ಇದೇ ತೊಲೆಯ ಮೇಲೆ ಕೂತಿದ್ದರೆ ಆ ತೊಲೆಯನ್ನು ತೆಗೆಯಲೇಬೇಡಿ, ಅದು ಚಾವಣಿಯ ಬೆನ್ನುಮೂಳೆ. ನಮ್ಮ ನಡುಮನೆಯಲ್ಲಿ ಐದು ತೊಲೆ ಇದ್ದವು, ಎರಡರ ಮೇಲೆ ಕಂಬ ಕೂತಿತ್ತು. ಆ ಎರಡನ್ನು ಉಳಿಸಿ ಮೂರನ್ನು ತೆಗೆದು, ಮೂರು ಕಡೆ ಸರಳು ಹಾಕಿದೆವು. ಉಳಿದ ಎರಡು ಕೂಡ ನಡೆಯುವ ದಾರಿಗೆ ಸಿಗದ ಹಾಗೆ ಕುರ್ಚಿ, ಮೇಜು ಇಟ್ಟುಕೊಂಡೆವು.

ಅಟ್ಟ ಹೋದರೆ ತಂಪು ಹೋಗುತ್ತದೆ ಎನ್ನುವುದು ನಿಜ. ಬಿಸಿಲಿಗೂ ನಿಮಗೂ ನಡುವೆ ಇದ್ದದ್ದು ಆ ಹಲಗೆ, ಮಣ್ಣು, ಗಾಳಿಯ ಕೋಣೆ. ಈಗ ಬರೀ ಹೆಂಚು. ಇದಕ್ಕೆ ಕರಾವಳಿಯಲ್ಲಿ ಮಾಡುವ ಉಪಾಯ ಚೆನ್ನಾಗಿದೆ: ಹೆಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪಿನ ಕೆಳಗೆ ಸೀಲಿಂಗ್ ಹೆಂಚು ಕೂರಿಸಿ, ಮೇಲೆ ಮಾಮೂಲಿ ಹೆಂಚು, ನಡುವೆ ಗಾಳಿ ಓಡಾಡಲು ಸಂದು. ಧೂಳು ಬೀಳುವುದೂ ನಿಲ್ಲುತ್ತದೆ, ಮಂಗ ಹಾರಿ ಮೇಲಿನ ಹೆಂಚು ಒಡೆದರೂ ಚೂರು ಊಟದ ತಟ್ಟೆಗೆ ಬರುವುದಿಲ್ಲ. ಭಾರ ಜಾಸ್ತಿಯಾಗುತ್ತದೆ ಎನ್ನುವುದನ್ನು ಮಾತ್ರ ಪಕಾಸಿಯ ಲೆಕ್ಕಕ್ಕೆ ಸೇರಿಸಿ. ಬಿಸಿಗಾಳಿ ಮೇಲೆ ಸೇರುವುದರಿಂದ ತುದಿ ಹತ್ತಿರ, ಎರಡೂ ಪಕ್ಕದ ತ್ರಿಕೋನ ಗೋಡೆಯಲ್ಲಿ ಜಾಲಿ ಇಟ್ಟು ಅದು ಹೊರಹೋಗಲು ದಾರಿ ಮಾಡಿ. ನಾಲ್ಕು ಗಾಜಿನ ಹೆಂಚು ಹಾಕಿ, ಆದರೆ ಪಡುವಣ ಇಳಿಜಾರಿಗೆ ಬೇಡ.

ಗೋಡೆ ಏರಿಸಿ ಚಾವಣಿ ಎತ್ತುವುದು

ಮನೆಯ ಹಿಂಭಾಗದ ಎರಡು ಕೋಣೆಗಳಿಗೆ ನಾವು ಮಾಡಿದ್ದು ಇದು. ಅಲ್ಲಿ ಗೋಡೆ ಆರೂವರೆ ಅಡಿ, ಇಳಿಜಾರು ಒಂದೇ ಕಡೆಗೆ, ತೆರೆದರೂ ಎತ್ತರ ಸಾಲುತ್ತಿರಲಿಲ್ಲ.

ಚಾವಣಿಯನ್ನು ಬರೀ ಕಡಿದಾಗಿ ಮಾಡಿದರೆ ಎತ್ತರ ಬರುವುದಿಲ್ಲವೇ ಅಂತ ಕೇಳಬಹುದು. 20 ಅಡಿ ಅಗಲದ ಮನೆಗೆ 30 ಡಿಗ್ರಿಯಿಂದ 35 ಡಿಗ್ರಿಗೆ ಹೋದರೆ ತುದಿಯಲ್ಲಿ ಒಂದೂಕಾಲು ಅಡಿ ಸಿಗುತ್ತದೆ, ಗೋಡೆಯ ಹತ್ತಿರ ಏನೂ ಸಿಗುವುದಿಲ್ಲ. ಪಕಾಸಿ ಸುಮಾರು ಎಂಟು ಇಂಚು ಉದ್ದ ಬೇಕಾಗುವುದರಿಂದ ಹಳೆ ಮರ ಎಲ್ಲವೂ ಗಿಡ್ಡವಾಗುತ್ತದೆ. ಇಳಿಜಾರು ಹಾಗೇ ಇಟ್ಟು ಗೋಡೆ ಏರಿಸಿದರೆ ಹಳೆ ಪಕಾಸಿ, ರೀಪು, ಹೆಂಚು ಎಲ್ಲ ಅದೇ ಅಳತೆಗೆ ವಾಪಸ್ ಕೂರುತ್ತವೆ. ಹಾಗಾಗಿ ಗೋಡೆ ಏರಿಸುವುದೇ ಸರಿ.

ಮೊದಲು ಪಂಚಾಯಿತಿಯಲ್ಲೋ ನಗರಸಭೆಯಲ್ಲೋ ಕೇಳಿಕೊಳ್ಳಿ. ಕಟ್ಟಡದ ಎತ್ತರ ಬದಲಾಗುವ ಕೆಲಸಕ್ಕೆ ಅನುಮತಿ ಬೇಕಾಗಬಹುದು. ಪಕ್ಕದ ಮನೆಯೊಂದಿಗೆ ಗೋಡೆ ಜಂಟಿ ಇದ್ದರೆ ಅವರ ಜೊತೆ ಕೂತು ಮಾತಾಡಿ, ಬರೆದಿಟ್ಟುಕೊಳ್ಳಿ. ತೊಟ್ಟಿಮನೆಯಾದರೆ ಒಂದು ಬದಿಯ ಚಾವಣಿಯನ್ನು ಮಾತ್ರ ಎತ್ತಿದಾಗ ಎರಡು ಚಾವಣಿ ಸೇರುವ ಮೂಲೆಯ ಮಟ್ಟ ತಪ್ಪುತ್ತದೆ, ಅಲ್ಲಿ ಸೋರದೆ ಇರಿಸುವುದು ಬಲು ಕಷ್ಟ. ತೊಟ್ಟಿಯ ಸುತ್ತ ಎತ್ತಿದರೆ ನಾಲ್ಕೂ ಕಡೆ ಎತ್ತಬೇಕು.

ಕಾಲ ಮುಖ್ಯ. ನಮ್ಮಲ್ಲಿ ಮುಂಗಾರು ಜೂನ್ ಮೊದಲ ವಾರದ ಹೊತ್ತಿಗೆ ಬರುತ್ತದೆ, ಅಡ್ಡಮಳೆ ಏಪ್ರಿಲ್‌ನಲ್ಲೇ ಹೊಡೆಯುತ್ತದೆ. ಡಿಸೆಂಬರ್‌ನಲ್ಲಿ ಬಿಚ್ಚಿ, ಮಾರ್ಚ್ ಒಳಗೆ ಹೆಂಚು ಹೊದಿಸಿ ಮುಗಿಸುವ ಹಾಗೆ ಹೊರಡಿ. ಬಡಗಿ ಆಚಾರಿಯ ದಿನ ಮೊದಲು ಹಿಡಿದು, ಆಮೇಲೆ ಮೇಸ್ತ್ರಿಯ ಜೊತೆ ಮಾತಾಡಿ, ಯಾಕೆಂದರೆ ಹಳೆ ಮರದ ಚಾವಣಿ ಬಿಚ್ಚಿ ಕೂರಿಸಬಲ್ಲ ಆಚಾರಿಗಳು ಈಗ ಸುಲಭವಾಗಿ ಸಿಗುವುದಿಲ್ಲ.

ಬಿಚ್ಚುವಾಗ ತುದಿ ಹೆಂಚಿನಿಂದ ಶುರು ಮಾಡಿ ಕೆಳಕ್ಕೆ ಬನ್ನಿ. ಎರಡು ಇಳಿಜಾರಿನ ಚಾವಣಿ ಆದರೆ ಎರಡೂ ಕಡೆ ಸಮನಾಗಿ, ಈ ಕಡೆ ಎರಡು ಸಾಲು, ಆ ಕಡೆ ಎರಡು ಸಾಲು. ನಮ್ಮ ಕೊಟ್ಟಿಗೆಯ ಚಾವಣಿ ಬಿಚ್ಚುವಾಗ ಕೆಲಸಕ್ಕೆ ಬಂದವರು ಬೇಗ ಆಗಲಿ ಅಂತ ಒಂದು ಕಡೆಯನ್ನು ಪೂರ್ತಿ ಬಿಚ್ಚಿಬಿಟ್ಟರು. ಭಾರ ಒಂದೇ ಕಡೆಗೆ ಬಿದ್ದು ತುದಿ ಮರ ಒಂದು ಗೇಣು ವಾಲಿ ನಿಂತಿತು. ಕೆಳಗೆ ಯಾರೂ ಇರಲಿಲ್ಲ ಅನ್ನುವುದೇ ಸಮಾಧಾನ. ಅವತ್ತಿನಿಂದ ಹೆಂಚು ಇಳಿಸುವಾಗ ನಾನು ಅಂಗಳ ಬಿಟ್ಟು ಕದಲಲಿಲ್ಲ.

ಇಳಿಸಿದ ಹೆಂಚನ್ನು ಮಲಗಿಸಿ ಅಟ್ಟಿ ಕಟ್ಟಬೇಡಿ, ಅಡಿಯದು ಒಡೆಯುತ್ತದೆ. ನಿಲ್ಲಿಸಿ, ಒಂದಕ್ಕೊಂದು ಒರಗಿಸಿ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಅಂದರೆ ಗಟ್ಟಿ, ಮಂದವಾಗಿ ಬಡಿದರೆ ಒಳಗೆ ಬಿರುಕಿದೆ. ನೂರಕ್ಕೆ ಹತ್ತು ಹೋಗುತ್ತವೆ ಎಂದು ಲೆಕ್ಕ ಇಟ್ಟುಕೊಳ್ಳಿ. ಹೊಸದು ತರುವ ಮುಂಚೆ ಹಳೆ ಹೆಂಚಿನ ಬೆನ್ನಿನ ಮೇಲಿರುವ ಕಾರ್ಖಾನೆಯ ಗುರುತು ನೋಡಿ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಎಲ್ಲರ ಅಳತೆಯೂ ಒಂದೇ ಅಲ್ಲ. ಒಂದರ ತೋಡಿಗೆ ಇನ್ನೊಂದರ ಅಂಚು ಸರಿಯಾಗಿ ಕೂರುವುದಿಲ್ಲ, ನೀರು ಇಳಿಯುವುದು ಅಲ್ಲೇ. ಹಳೆಯದನ್ನೆಲ್ಲ ಒಂದು ಇಳಿಜಾರಿಗೆ, ಹೊಸದನ್ನೆಲ್ಲ ಇನ್ನೊಂದಕ್ಕೆ ಹೊದಿಸಿದರೆ ಈ ತಾಪತ್ರಯ ಇಲ್ಲ. ರೀಪಿನ ಅಂತರ ಸಾಮಾನ್ಯವಾಗಿ 12ರಿಂದ 13 ಇಂಚು ಬರುತ್ತದೆ, ಆದರೂ ನಿಮ್ಮ ಹೆಂಚನ್ನೇ ನೆಲದ ಮೇಲೆ ಮೂರು ಸಾಲು ಜೋಡಿಸಿ ಅಳೆದು ಹೇಳಿ.

ಪಕಾಸಿಗಳಿಗೆ ಎರಡು ತುದಿಗೂ ನಂಬರ್ ಹಾಕಿ, ಎಡ ಬಲ ಬರೆದು ಇಳಿಸಿ. ಮರ ಕೆಳಗಿರುವಾಗಲೇ ಕೊಳೆತ ತುದಿ ಕೊಯ್ದು, ವರಲೆ ಔಷಧಿ ಹಚ್ಚಿ. ಇಂಥ ಅವಕಾಶ ಮತ್ತೆ ಐವತ್ತು ವರ್ಷ ಬರುವುದಿಲ್ಲ.

ಇನ್ನು ಗೋಡೆ. ತಲೆಯ ಮೇಲಿನ ಸಡಿಲ ಕಲ್ಲಿನ ಸಾಲು ತೆಗೆದು, ಗುಡಿಸಿ, ನೀರು ಚಿಮುಕಿಸಿ. ಜಂಬಿಟ್ಟಿಗೆಯ ಮೇಲೆ ಜಂಬಿಟ್ಟಿಗೆಯನ್ನೇ, ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನೇ ಕಟ್ಟಿ. ಒಂದಡಿ ದಪ್ಪ, ಹತ್ತಡಿ ಉದ್ದದ ಗೋಡೆಗೆ ಒಂದಡಿ ಎತ್ತರ ಸೇರಿಸಿದರೆ ಐದಾರು ಕ್ವಿಂಟಾಲ್ ಭಾರ ಬೀಳುತ್ತದೆ, ಅದರ ತಲೆಗೆ ಸುತ್ತಲೂ ಹಾಕುವ ಕಾಂಕ್ರೀಟ್ ಪಟ್ಟಿ, ಅಂದರೆ ಬೆಲ್ಟ್, ಸೇರಿದರೆ ಇನ್ನೂ ಮೂರೂವರೆ ಕ್ವಿಂಟಾಲ್. ಆದ್ದರಿಂದ ನನ್ನ ಮಿತಿ ಎರಡಡಿ, ಅದಕ್ಕಿಂತ ಮೇಲೆ ಬೇಕೆಂದರೆ ಎಂಜಿನಿಯರ್ ಲೆಕ್ಕ ಮಾಡಿಯೇ ಕಟ್ಟಬೇಕು. ಮಣ್ಣಿನ ಗೋಡೆ ಆದರೆ ಅದರ ಮೇಲೆ ಏನೂ ಕಟ್ಟಬೇಡಿ. ಗೋಡೆಯ ಪಕ್ಕದಲ್ಲಿ ಬೇರೆ ಪಾಯದ ಮೇಲೆ ಕಂಬ ನಿಲ್ಲಿಸಿ, ಚಾವಣಿಯ ಭಾರ ಕಂಬಕ್ಕೆ ಹೋಗಲಿ, ಮಣ್ಣಿನ ಗೋಡೆ ಬರೀ ಮರೆಯಾಗಿ ನಿಲ್ಲಲಿ.

ಹೊಸ ಗೋಡೆಯ ತಲೆಗೆ ಸುತ್ತಲೂ ಬೆಲ್ಟ್ ಬೀಮ್ ಹಾಕಲೇಬೇಕು. ಅಟ್ಟದ ತೊಲೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಇದು ಮಾಡುತ್ತದೆ. ಗೋಡೆಯಷ್ಟು ಅಗಲ, 6 ಇಂಚು ಎತ್ತರ, 10 ಮಿಲಿಮೀಟರಿನ ನಾಲ್ಕು ಕಂಬಿ, ಅರ್ಧ ಅಡಿಗೊಂದು ರಿಂಗು. ನಾವು ಹಾಕಿಸಿದ್ದು ಇಷ್ಟು. ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟ್, ಒಂದೂವರೆ ಮರಳು, ಮೂರು ಜಲ್ಲಿ. ಇಲ್ಲಿ ನೀವೇ ನಿಂತು ನೋಡಬೇಕಾದ್ದು ಮೂಲೆ. ಕಂಬಿ ಮೂಲೆಗೆ ಬಂದು ನಿಲ್ಲಬಾರದು, ಬಾಗಿ ಮುಂದಿನ ಗೋಡೆಗೆ ಕನಿಷ್ಠ ಒಂದೂವರೆ ಅಡಿ ಹೋಗಿ ಅಲ್ಲಿನ ಕಂಬಿಯ ಜೊತೆ ಕಟ್ಟಿರಬೇಕು. ಮೂಲೆ ಬಿಟ್ಟುಹೋದ ಬೆಲ್ಟ್ ಬೆಲ್ಟೇ ಅಲ್ಲ. ಕಾಂಕ್ರೀಟ್ ಹಸಿ ಇರುವಾಗಲೇ ಮೂರು ನಾಲ್ಕು ಅಡಿಗೊಂದರಂತೆ, ಕೆಳಗೆ ಕೊಕ್ಕೆ ಬಾಗಿಸಿದ ಬೋಲ್ಟು ಹೂಳಿಸಿ. ಗೋಡೆ ಮೇಲಿನ ಮರವನ್ನು ಇದಕ್ಕೇ ನಟ್ಟು ಹಾಕಿ ಬಿಗಿಯುವುದು, ಪಕಾಸಿಯನ್ನು ಆ ಮರಕ್ಕೆ ಕಬ್ಬಿಣದ ಪಟ್ಟಿಯಿಂದ ಕಟ್ಟುವುದು. ಎತ್ತರಿಸಿದ ಚಾವಣಿಗೆ ಗಾಳಿ ಜಾಸ್ತಿ ತಾಗುತ್ತದೆ. ಹೆಂಚಿನ ಭಾರಕ್ಕೆ ಕೂತಿರುತ್ತದೆ ಅಂತ ಬಿಡಬೇಡಿ. ಬೆಲ್ಟಿಗೆ ಗೋಣಿಚೀಲ ಹೊದಿಸಿ ಹತ್ತು ದಿನ ನೀರುಣಿಸಿ.

ಇನ್ನೊಂದು ವಿಷಯ ನಮಗೆ ತಡವಾಗಿ ಹೊಳೆಯಿತು. ಗೋಡೆ ಎರಡಡಿ ಏರಿದಾಗ ಸೂರೂ ಎರಡಡಿ ಏರುತ್ತದೆ, ಓರೆ ಮಳೆ ಮೊದಲು ಮುಟ್ಟದ ಗೋಡೆಗೆ ಈಗ ಮುಟ್ಟುತ್ತದೆ. ಸೂರನ್ನು ಹೊರಕ್ಕೆ ಚಾಚಿಸಿ. ಜಗಲಿಯ ಚಾವಣಿ ಇದ್ದರೆ ಅದನ್ನು ಎತ್ತದೆ ಹಳೆ ಮಟ್ಟದಲ್ಲೇ ಬಿಡುವುದು ಇನ್ನೂ ಒಳ್ಳೆಯದು. ಆಗ ಕೆಳಗಿನ ಚಾವಣಿಗೂ ಮೇಲಿನ ಸೂರಿಗೂ ನಡುವೆ ಒಂದು ಪಟ್ಟಿ ಗೋಡೆ ಸಿಗುತ್ತದೆ, ಅಲ್ಲಿ ಸಾಲಾಗಿ ವೆಂಟಿಲೇಟರ್ ಇಟ್ಟರೆ ಒಳಗೆ ಬೆಳಕೇ ಬೆಳಕು. ಕೆಳಗಿನ ಚಾವಣಿ ಗೋಡೆಗೆ ಸೇರುವ ಗೆರೆಗೆ ತಗಡು ಹಾಕಿಸಿ, ಅದರ ಮೇಲಂಚು ಗಿಲಾವಿನ ಒಳಗೆ ಹೋಗಿರಲಿ.

ಬಾಗಿಲ ಎತ್ತರವನ್ನೂ ಇದೇ ಸಮಯದಲ್ಲಿ ನಿರ್ಧರಿಸಿ. ಗೋಡೆ ಏರಿದರೂ ಐದೂವರೆ ಅಡಿಯ ಬಾಗಿಲು ಹಾಗೇ ಇರುತ್ತದೆ. ನಾವು ಒಳಬಾಗಿಲುಗಳನ್ನು ಎತ್ತರಿಸಿ, ಕೆತ್ತನೆ ಇರುವ ಮುಂಬಾಗಿಲನ್ನು ಮುಟ್ಟದೆ ಬಿಟ್ಟೆವು. ಫ್ಯಾನ್ ರೆಕ್ಕೆ ನೆಲದಿಂದ 8 ಅಡಿ ಮೇಲಿರಲಿ. ತೀರಾ ಎತ್ತರದ ತುದಿ ಮರಕ್ಕೇ ಕಟ್ಟಿದರೆ ಗಾಳಿ ಕೆಳಗೆ ಬರುವುದಿಲ್ಲ, ಉದ್ದ ರಾಡ್ ಹಾಕಿಸಿ.

ಆರ್‌ಸಿಸಿ ಮೋಲ್ಡಿನ ಮನೆಯವರಿಗೆ ಇದ್ಯಾವುದೂ ಹೊಂದುವುದಿಲ್ಲ. ಫಾಲ್ಸ್ ಸೀಲಿಂಗ್ ತೆಗೆಯುವುದು, ನೆಲದ ಪದರ ತೆಗೆಯುವುದು, ಅಷ್ಟೇ. ಜಾಕ್ ಕೊಟ್ಟು ಇಡೀ ಮನೆ ಎತ್ತುವ ತಂಡಗಳು ಹರಿಯಾಣದಿಂದ ಬಂದು ದಕ್ಷಿಣದಲ್ಲೂ ಕೆಲಸ ಮಾಡುತ್ತವೆ. ಆದರೆ ಅದು ರಸ್ತೆಗಿಂತ ತಗ್ಗಾಗಿ ಮಳೆನೀರು ನುಗ್ಗುವ ಮನೆಗಳಿಗೆ ಮಾಡುವ ಕೆಲಸ. ಮನೆ ಮೇಲೆ ಹೋದ ಮೇಲೆ ಒಳಗೆ ಮಣ್ಣು ತುಂಬಿ ನೆಲವನ್ನೂ ಏರಿಸುತ್ತಾರೆ, ಹಾಗಾಗಿ ಕೋಣೆಯ ಎತ್ತರಕ್ಕೆ ಅದರಿಂದ ಲಾಭ ಕಡಿಮೆ.

ಹೆಂಚು ಹೊದಿಸಿದ ಮೇಲೆ

ಕೆಲಸದವರ ಕೊನೆಯ ಕಂತನ್ನು ಮೊದಲ ದೊಡ್ಡ ಮಳೆಯ ನಂತರ ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿ. ಹೊದಿಸಿದ ವಾರದಲ್ಲಿ ಹಗಲು ಹೊತ್ತು ಬಾಗಿಲು ಕಿಟಕಿ ಮುಚ್ಚಿ ಒಳಗೆ ನಿಂತು ಮೇಲೆ ನೋಡಿ, ಬೆಳಕಿನ ಚುಕ್ಕಿ ಕಂಡ ಕಡೆ ಹೆಂಚು ಸರಿಯಾಗಿ ಕೂತಿಲ್ಲ. ಅಡ್ಡಮಳೆ ಬಂದ ರಾತ್ರಿ ಟಾರ್ಚ್ ಮತ್ತು ಸೀಮೆಸುಣ್ಣ ಹಿಡಿದು ಕೋಣೆ ಕೋಣೆಗೂ ಹೋಗಿ, ಹನಿ ಬೀಳುವ ಜಾಗಕ್ಕೆ ನೆಲದ ಮೇಲೆ ಗುರುತು ಹಾಕಿ. ಹನಿ ಬಿದ್ದ ಜಾಗದ ನೇರ ಮೇಲೆ ತೂತು ಇರುವುದಿಲ್ಲ, ನೀರು ರೀಪಿನ ಗುಂಟ ಸ್ವಲ್ಪ ದೂರ ಇಳಿದು ಬಂದಿರುತ್ತದೆ, ಹಾಗಾಗಿ ಅದಕ್ಕಿಂತ ಎರಡು ಸಾಲು ಮೇಲಿನ ಹೆಂಚನ್ನೂ ನೋಡಿಸಿ. ಸರಳು ಹಾಕಿದ್ದರೆ ಮಳೆಗಾಲ ಮುಗಿದ ಮೇಲೆ ನಟ್ಟು ಸಡಿಲವಾಗಿದೆಯಾ ನೋಡಿ. ಗೋಡೆಗೆ ಮತ್ತೆ ತೂಗುಗುಂಡು ಬಿಟ್ಟು, ಮೊದಲ ದಿನ ಬರೆದಿಟ್ಟ ಹಾಳೆಯ ಜೊತೆ ಅಂಕಿ ತಾಳೆ ಹಾಕಿ. ಉಳಿದ ಹೆಂಚಿನಲ್ಲಿ ಐವತ್ತನ್ನಾದರೂ ಮನೆ ಹಿಂದೆ ಒರಗಿಸಿಡಿ, ಯಾರಿಗೂ ಕೊಡಬೇಡಿ.